ಮೊದಲು ಒಂದು ಮೊಳ ಮಲ್ಲಿಗೆ ತನ್ನಿ: ಎಡ್ಮಂಡ್ ರುಡ್ನಿಟ್ಸ್ಕಾ ಅವರ ಸೆಂಟುಗಳನ್ನು ಮೂಸಿ ಕಲಿಯುವ ದಾರಿ

ಹೋದ ವರ್ಷ ಒಂದು ಮಾಲ್‌ನ ಸೆಂಟಿನ ಅಂಗಡಿಗೆ ಹೋಗಿ "ಓ ಸೊವಾಜ್ ಇದೆಯಾ" ಅಂತ ಕೇಳಿದೆ. ಹುಡುಗ ಖುಷಿಯಿಂದ ಕಪ್ಪು-ನೀಲಿ ಬಾಟಲಿ ತಂದ. ಕಾಗದದ ಪಟ್ಟಿಗೆ ಪುಸ್ ಅಂತ ಹೊಡೆದು ನನ್ನ ಮೂಗಿನ ಹತ್ತಿರ ಹಿಡಿದ. ಮೆಣಸು, ಘಾಟು, ಒಂಥರಾ ಕಬ್ಬಿಣದ ತಂಪು. ಇದಲ್ಲ ಅಂದೆ. "ಇದೇ ಸಾರ್, ಎಲ್ಲರೂ ಇದನ್ನೇ ತೊಗೊಳ್ಳೋದು" ಅಂದ.

ಅವನ ತಪ್ಪೇನೂ ಇಲ್ಲ. ಅವನು ತೋರಿಸಿದ್ದು 2015ರ ‘ಸೊವಾಜ್’. ಅದನ್ನು ಮಾಡಿದವರು ಫ್ರಾನ್ಸ್ವಾ ದೆಮಾಶಿ. ನಾನು ಕೇಳಿದ್ದು 1966ರ ‘ಓ ಸೊವಾಜ್’. ಎರಡೂ ಡಿಯೋರ್ ಕಂಪನಿಯವೇ. ಹೆಸರಿನಲ್ಲಿ ವ್ಯತ್ಯಾಸ ಒಂದೇ ಒಂದು ಪುಟ್ಟ ಪದ, ‘ಓ’, ಫ್ರೆಂಚಿನಲ್ಲಿ ನೀರು ಅಂತ ಅರ್ಥ. ಆದರೆ ಮೂಗಿಗೆ ಇವೆರಡೂ ಅಣ್ಣತಮ್ಮಂದಿರಲ್ಲ, ದೂರದ ನೆಂಟರೂ ಅಲ್ಲ.

ಆ 1966ರ ಸೆಂಟು ಕಟ್ಟಿದವರು ಎಡ್ಮಂಡ್ ರುಡ್ನಿಟ್ಸ್ಕಾ. 1905ರಲ್ಲಿ ಫ್ರಾನ್ಸಿನ ನೀಸ್‌ನಲ್ಲಿ ಹುಟ್ಟಿದರು, 1926ರಲ್ಲಿ ಸೆಂಟಿಗೆ ಹೆಸರಾದ ಗ್ರಾಸ್ ಊರಿನಲ್ಲಿ ಕೆಲಸ ಕಲಿಯಲು ಶುರು ಮಾಡಿದರು, 1996ರಲ್ಲಿ ತೀರಿಕೊಂಡರು. ಅವರ ಬಗ್ಗೆ ಓದುವುದು ಸುಲಭ, ಬೇಕಾದಷ್ಟು ಬರೆದಿದ್ದಾರೆ. ಆದರೆ ಸೆಂಟು ಕಟ್ಟುವವರ ಬಗ್ಗೆ ಸುಮ್ನೆ ಓದಿದರೆ ಏನು ಬಂತು? ಮೂಸಬೇಕು. ಹೇಗೆ ಮೂಸಬೇಕು, ಯಾವುದರ ಹಿಂದೆ ಯಾವುದು ಅನ್ನುವುದನ್ನು ನಾನು ದುಡ್ಡು ಕಳೆದುಕೊಂಡು ಕಲಿತೆ. ನೀವು ಕಳೆದುಕೊಳ್ಳಬೇಡಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ದಾರಿ ತಪ್ಪದೆ ಇರಲಿ ಅಂತ. ರುಡ್ನಿಟ್ಸ್ಕಾ ಅವರದು ತೆಗೆಯುತ್ತಾ ಹೋದ ಕೆಲಸ. 1940ರ ದಶಕದಲ್ಲಿ ಅವರು ಕಟ್ಟಿದ್ದು ಮದುವೆಮನೆ ಎಲೆಯ ಹಾಗೆ ತುಂಬಿ ತುಳುಕುವ ಸೆಂಟು. ಆಮೇಲೆ ಅವರಿಗೇ ಅದು ಜಾಸ್ತಿ ಆಯಿತು ಅನ್ನಿಸಿತು. ಎಲ್ಲ ಸೆಂಟೂ ಸಿಹಿತಿಂಡಿ ಅಂಗಡಿ ಆಗಿಬಿಟ್ಟಿದೆ ಅಂತ ಬೇಸರ ಬಂತು. ಒಂದೊಂದೇ ತೆಗೆದರು. 1956ರ ಹೊತ್ತಿಗೆ ಎಲೆಯ ಮೇಲೆ ಬರೀ ಮೊಸರನ್ನ, ಒಂದು ತುಂಡು ಉಪ್ಪಿನಕಾಯಿ. ಆ ಮೊಸರನ್ನ ಎಷ್ಟು ಕಷ್ಟದ್ದು ಅಂತ ಗೊತ್ತಾಗಬೇಕಾದರೆ ಮದುವೆ ಊಟವನ್ನೂ ಮೂಸಿರಬೇಕು. ಅದಕ್ಕೇ ಈ ಕ್ರಮ.

ಏನೇನು ಬೇಕು

ದೊಡ್ಡ ಬಾಟಲಿ ತರಬೇಡಿ. 1 ಅಥವಾ 2 ಮಿಲಿ ಸ್ಯಾಂಪಲ್ ಸಾಕು. ದೊಡ್ಡ ಬಾಟಲಿಯಿಂದ ಪುಟ್ಟ ಗಾಜಿನ ಸೀಸೆಗೆ ತುಂಬಿ ಮಾರುವುದಕ್ಕೆ ಡಿಕ್ಯಾಂಟ್ ಅನ್ನುತ್ತಾರೆ. ನಮ್ಮಲ್ಲೂ ಆ ವ್ಯಾಪಾರ ಈಗ ಚೆನ್ನಾಗಿ ನಡೆಯುತ್ತಿದೆ. ನಾಲ್ಕೈದು ಜನ ಸ್ನೇಹಿತರು ಸೇರಿ ಹಂಚಿಕೊಂಡರೆ ಇನ್ನೂ ಅಗ್ಗ.

ಕಾಗದಕ್ಕೆ ಡ್ರಾಯಿಂಗ್ ಶೀಟ್ ತಂದು ಬೆರಳಗಲ ಪಟ್ಟಿ ಕತ್ತರಿಸಿಕೊಳ್ಳಿ. ಹಳೇ ಲಗ್ನಪತ್ರಿಕೆ ಕತ್ತರಿಸಬೇಡಿ. ಅದರ ಇಂಕು, ಹೊಳಪು, ಅರಿಸಿನ ಎಲ್ಲ ಸೇರಿ ಅದೇ ಒಂದು ಸೆಂಟು ಆಗಿರುತ್ತದೆ. ಪಟ್ಟಿಯ ತುದಿಗೆ ಹೆಸರು, ಸಮಯ ಬರೆಯಿರಿ. ಪೆನ್ಸಿಲ್‌ನಲ್ಲಿ ಬರೆಯಿರಿ, ಪೆನ್ನಿನ ಇಂಕೂ ವಾಸನೆ ಹೊಡೆಯುತ್ತದೆ.

ದಿನಕ್ಕೆ ಮೂರಕ್ಕಿಂತ ಜಾಸ್ತಿ ಬೇಡ. ಅಗರಬತ್ತಿ ಹಚ್ಚಿದ ಮನೆಯಲ್ಲಿ ಕೂರಬೇಡಿ, ಒಗ್ಗರಣೆ ಹೊತ್ತಿನಲ್ಲಂತೂ ಬೇಡವೇ ಬೇಡ. ಮಧ್ಯೆ ಕಾಫಿಬೀಜ ಮೂಸಿದರೆ ಮೂಗು ಶುದ್ಧವಾಗುತ್ತದೆ ಅಂತ ಅಂಗಡಿಯವರು ಹೇಳುತ್ತಾರೆ. ಕಾಫಿಯೂ ಇನ್ನೊಂದು ಜೋರು ವಾಸನೆ ತಾನೇ? ನಿಮ್ಮ ಮೊಣಕೈ ಒಳಭಾಗವನ್ನೇ ಮೂಸಿ, ಇಲ್ಲ ಕಿಟಕಿ ಹತ್ತಿರ ಎರಡು ನಿಮಿಷ ನಿಂತುಕೊಳ್ಳಿ. ಕಾಫಿ ಆಮೇಲೆ ಕುಡಿಯಿರಿ.

ಇನ್ನೊಂದು ನೋಟ್‌ಬುಕ್. ಇದರಲ್ಲಿ ನನ್ನದೊಂದು ಹಟ ಇದೆ, ಕನ್ನಡದಲ್ಲೇ ಬರೆಯಿರಿ. ‘ಫ್ರೆಶ್’, ‘ವುಡಿ’, ‘ಫ್ಲೋರಲ್’ ಅಂತ ಬರೆದರೆ ಹತ್ತು ಸೆಂಟಿಗೂ ಅದೇ ಮೂರು ಪದ ಬರುತ್ತವೆ. ನಮ್ಮಲ್ಲಿ ವಾಸನೆಗೆ ಇರುವ ಮಾತು ನೋಡಿ: ಘಾಟು, ಕಮಟು, ಮುಗ್ಗಲು, ಸೊಗಡು, ಕಂಪು, ಘಮ, ಹಸಿ ವಾಸನೆ, ಸೀದ ವಾಸನೆ, ಹಳಸಲು. ಒಗರು ನಾಲಿಗೆಯದ್ದಾದರೂ ಮೂಗಿಗೂ ಚೆನ್ನಾಗಿ ಹೊಂದುತ್ತದೆ. ಎಣ್ಣೆ ಹಳತಾದಾಗ ಕಮಟು, ಅಕ್ಕಿ ಹಳತಾದಾಗ ಮುಗ್ಗಲು. ಎರಡೂ ಬೇರೆ ಅಂತ ನಮ್ಮ ಅಜ್ಜಿಯರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಈ ಪದಗಳು ನಿಮಗೆ ಎಷ್ಟು ಕೆಲಸಕ್ಕೆ ಬರುತ್ತವೆ ಅಂತ ಮುಂದೆ ಗೊತ್ತಾಗುತ್ತದೆ.

ಅಡುಗೆಮನೆಯಿಂದ: ನಿಂಬೆಹಣ್ಣು, ಜೀರಿಗೆ, ಏಲಕ್ಕಿ, ಕಲ್ಲುಹೂವು, ಒಂದು ಚೆನ್ನಾಗಿ ಹಣ್ಣಾದ ಕರಬೂಜ. ಗ್ರಂದಿಗೆ ಅಂಗಡಿಯಿಂದ ಸ್ವಲ್ಪ ಲಾವಂಚ. ಹಿತ್ತಲಲ್ಲಿ ಕಾಮಕಸ್ತೂರಿ ಇದ್ದರೆ ನಾಲ್ಕು ಎಲೆ.

ಮಲ್ಲಿಗೆಯ ರಾತ್ರಿ

ಸೆಂಟು ಮುಟ್ಟುವ ಮೊದಲು ಇದೊಂದು ಮಾಡಿ. ಸಂಜೆ ಒಂದು ಮೊಳ ಮಲ್ಲಿಗೆ ತನ್ನಿ. ಮೈಸೂರು ಮಲ್ಲಿಗೆ, ಹಡಗಲಿಯದ್ದು, ಕರಾವಳಿಯವರಾದರೆ ಶಂಕರಪುರದ್ದು, ಯಾವುದಾದರೂ ಸರಿ, ಆದರೆ ಮೊಗ್ಗು ಇರಬೇಕು. ತಟ್ಟೆಯಲ್ಲಿಟ್ಟು ಎರಡು ಗಂಟೆಗೊಮ್ಮೆ ಮೂಸಿ. ಮಲಗುವವರೆಗೆ, ಮತ್ತೆ ಬೆಳಿಗ್ಗೆ ಎದ್ದ ಕೂಡಲೇ.

ಸಂಜೆ ಮೊಗ್ಗಿನಲ್ಲಿ ಹಸಿರು ಇರುತ್ತದೆ, ನೀರು ಇರುತ್ತದೆ, ಸ್ವಲ್ಪ ನಿಂಬೆಯ ಹಾಗೆ ಚುರುಕು ಇರುತ್ತದೆ. ರಾತ್ರಿ ಅರಳಿದಾಗ ಕೋಣೆಯೆಲ್ಲ ತುಂಬುತ್ತದೆ. ಬೆಳಿಗ್ಗೆ ಅಂಚು ಕೆಂಪಾದಾಗ ಅದೇ ಹೂವಿನಲ್ಲಿ ಒಂದು ಭಾರ ಬಂದಿರುತ್ತದೆ. ಹತ್ತಿರದಿಂದ ಮೂಸಿದರೆ ಬೀರುವಿನ ನುಸಿಗುಳಿಗೆಯ ನೆನಪು ಬರುತ್ತದೆ. ಆ ಭಾರಕ್ಕೆ ಮುಖ್ಯ ಕಾರಣ ಇಂಡೋಲ್ ಅನ್ನುವ ವಸ್ತು. ಅದೊಂದನ್ನೇ ಬಾಟಲಿಯಲ್ಲಿ ಮೂಸಿದರೆ ಮುಖ ತಿರುಗಿಸುತ್ತೀರಿ. ಆದರೆ ಅದು ಸ್ವಲ್ಪವೂ ಇಲ್ಲದ ಮಲ್ಲಿಗೆ ಸೆಂಟು ಪ್ಲಾಸ್ಟಿಕ್ ಹೂವಿನ ಹಾಗೆ ಇರುತ್ತದೆ.

ಗ್ರಾಸ್‌ನಲ್ಲಿ ಸೆಂಟಿಗಾಗಿ ಬೆಳೆಯುವುದು ನಮ್ಮ ಜಾಜಿಯ ಜಾತಿ. ಹೂವನ್ನು ಬೇಯಿಸಿ ಆವಿಯಿಂದ ಎಣ್ಣೆ ತೆಗೆಯಲು ಹೋದರೆ ಕಂಪು ಕೆಡುತ್ತದೆ, ಅದಕ್ಕೆ ಬೇರೆ ದ್ರಾವಕದಲ್ಲಿ ನೆನೆಸಿ ಸಾರ ತೆಗೆಯುತ್ತಾರೆ. ಆ ಸಾರವನ್ನು ಜಿನೀವಾದ ಫರ್ಮೆನಿಕ್ ಕಂಪನಿಯಲ್ಲಿ ಎಡ್ವರ್ಡ್ ದೆಮೋಲ್ ಅನ್ನುವ ರಸಾಯನ ತಜ್ಞರು ಬಿಡಿಸಿ ಬಿಡಿಸಿ ನೋಡಿದರು. ಅದರಿಂದ ಹುಟ್ಟಿದ್ದು ಹೆಡಿಯೋನ್ ಅನ್ನುವ, ಲ್ಯಾಬಿನಲ್ಲಿ ಮಾಡುವ ಸುಗಂಧ ವಸ್ತು. ಸಂತೋಷ ಅನ್ನುವ ಗ್ರೀಕ್ ಪದದಿಂದ ಆ ಹೆಸರು. ಸಂಜೆಯ ಮೊಗ್ಗಿನ ಹತ್ತಿರದ ಗಾಳಿಯನ್ನಷ್ಟೇ ಹಿಡಿದ ಹಾಗೆ ಇರುತ್ತದೆ. ಹೂವಿನ ಭಾರ ಇಲ್ಲ, ಬೆಳಗಿನ ಸೊಗಡೂ ಇಲ್ಲ. ಕೆಲವರ ಮೂಗಿಗೆ ಅದು ಸರಿಯಾಗಿ ತಾಕುವುದೇ ಇಲ್ಲ. ಈ ವಿಷಯ ನೆನಪಿಟ್ಟುಕೊಳ್ಳಿ, ಈಗಲೇ ಬೇಕಾಗುತ್ತದೆ.

ಬಾಗಿಲು: ಓ ಸೊವಾಜ್, 1966

ಇಲ್ಲಿಂದ ಶುರು ಮಾಡಿ. ಇದು ಅವರ ಮೊದಲನೆಯದೇನೂ ಅಲ್ಲ, ಆದರೆ ಈಗಲೂ ಹುಡುಕಿದರೆ ಸಿಗುತ್ತದೆ, ಎಂಥವರಿಗೂ ಕೂಡಲೇ ಹಿಡಿಸುತ್ತದೆ. ಲೇಬಲ್ ಮೇಲೆ ‘ಓ ದ ತ್ವಾಲೆತ್’ ಅಂತ ಇರಬೇಕು. ‘ಪರ್ಫಂ’ ಅಂತ ಇದ್ದರೆ ಅದು ಆಮೇಲೆ ಬಂದ ಬೇರೆ ಸೆಂಟು.

ಮೊದಲು ನಿಂಬೆ ಸಿಪ್ಪೆ ಹಿಂಡಿ ಮೂಸಿ. ಆಮೇಲೆ ಕಾಮಕಸ್ತೂರಿ ಎಲೆ ಉಜ್ಜಿ. ಆಮೇಲೆ ಒದ್ದೆ ಮಾಡಿದ ಲಾವಂಚ. ಈಗ ಪಟ್ಟಿಗೆ ಒಂದು ಹನಿ ಓ ಸೊವಾಜ್ ಹಾಕಿ. ಮೂರೂ ಸಿಗುತ್ತವೆ. ನಿಂಬೆ ಮುಂದೆ, ಎಲೆ ಹಿಂದೆ, ಬೇರು ಕೆಳಗೆ. ಇಷ್ಟಾದರೆ ಇದು ಹಳೇ ಕಾಲದ ಕೊಲೋನ್, ಕ್ಷೌರದಂಗಡಿಯಲ್ಲಿ ಕೆನ್ನೆಗೆ ಹಚ್ಚುವ ಜಾತಿಯದ್ದು. ಕೊಲೋನಿನ ನಿಂಬೆ ಹತ್ತು ನಿಮಿಷ ಇದ್ದು ಹಾರಿಹೋಗುತ್ತದೆ, ನಮ್ಮ ಏಪ್ರಿಲ್ ಸೆಕೆಯಲ್ಲಿ ಐದೇ ನಿಮಿಷ.

ಆದರೆ ಇದನ್ನು ಅರ್ಧ ಗಂಟೆ ಬಿಟ್ಟು ಮೂಸಿ. ನಿಂಬೆ ಹೋಗಿದ್ದರೂ ನಿಂಬೆಯ ಬೆಳಕು ಹೋಗಿರುವುದಿಲ್ಲ. ಒಳಗೆ ಏನೋ ಗಾಳಿಯಾಡುತ್ತಿರುತ್ತದೆ. ಅದೇ ಹೆಡಿಯೋನ್. ರುಡ್ನಿಟ್ಸ್ಕಾ ಅವರು ಹಾಕಿದ್ದು ಸ್ವಲ್ಪವೇ. ಆದರೆ ಆ ವಸ್ತು ಪ್ರಸಿದ್ಧವಾಗಿದ್ದೇ ಈ ಸೆಂಟಿನಿಂದ. ಗಂಡಸರಿಗೆ ಅಂತ ಮಾರಿದ ಸೆಂಟಿನೊಳಗೆ ಸದ್ದಿಲ್ಲದೆ ಮಲ್ಲಿಗೆ ಮೊಗ್ಗನ್ನು ಇಟ್ಟುಬಿಟ್ಟರು. ಯಾರಿಗೂ ಹೂ ಮುಡಿದ ಹಾಗೆ ಅನ್ನಿಸಲಿಲ್ಲ. ಹೆಂಗಸರೂ ಹಾಕಿಕೊಂಡರು. ಇವತ್ತು ನಿಮ್ಮ ಮನೆಯಲ್ಲಿರುವ ಸೆಂಟಿನ ಬಾಟಲಿಗಳಲ್ಲಿ ಹೆಡಿಯೋನ್ ಇಲ್ಲದ್ದನ್ನು ಹುಡುಕುವುದೇ ಕಷ್ಟ.

ದುಡ್ಡಿದ್ದರೆ ಇನ್ನೊಂದು ಪ್ರಯೋಗ. ಹವ್ಯಾಸಕ್ಕೆ ಸೆಂಟು ಬೆರೆಸುವವರಿಗೆ ಸಾಮಾನು ಮಾರುವವರ ಹತ್ತಿರ ಹೆಡಿಯೋನ್ 10 ಮಿಲಿ ಸಿಗುತ್ತದೆ. ಒಂದು ಪಟ್ಟಿಗೆ ನಿಂಬೆ ಎಣ್ಣೆ, ಇನ್ನೊಂದಕ್ಕೆ ನಿಂಬೆ ಎಣ್ಣೆ ಮತ್ತು ಒಂದು ಹನಿ ಹೆಡಿಯೋನ್. ಗಂಟೆ ಬಿಟ್ಟು ಎರಡನ್ನೂ ಮೂಸಿ. ಮೈಗೆ ಮಾತ್ರ ಹಾಗೇ ಹಚ್ಚಬೇಡಿ, ಕಾಗದದ ಮೇಲೆ ಅಷ್ಟೇ.

ಹಿಂದಕ್ಕೆ: ಫಾಮ್, 1944

ಈಗ ಇಪ್ಪತ್ತು ವರ್ಷ ಹಿಂದಕ್ಕೆ ಹೋಗಿ. ಫಾಮ್ ಅಂದರೆ ಹೆಣ್ಣು. ಮಾರ್ಸೆಲ್ ರೊಶಾ ಅನ್ನುವ ವಸ್ತ್ರವಿನ್ಯಾಸಕರಿಗೆ ಮಾಡಿಕೊಟ್ಟ ಸೆಂಟು. ರುಡ್ನಿಟ್ಸ್ಕಾ ಇದನ್ನು ಕಟ್ಟಿದ್ದು 1943ರಲ್ಲಿ, ಜರ್ಮನ್ನರ ಕೈಯಲ್ಲಿದ್ದ ಪ್ಯಾರಿಸ್‌ನಲ್ಲಿ. ಅವರೇ ಹೇಳಿಕೊಂಡ ಪ್ರಕಾರ, ಕೆಲಸ ಮಾಡುತ್ತಿದ್ದ ಕಟ್ಟಡದ ಒಂದು ಪಕ್ಕ ಕಸದ ರಾಶಿ, ಇನ್ನೊಂದು ಪಕ್ಕ ಬಣ್ಣದ ಕಾರ್ಖಾನೆ. ಆ ನಾತದ ನಡುವೆ ಕೂತು ಅವರು ಕಟ್ಟಿದ್ದು ಹಣ್ಣಿನ ಬುಟ್ಟಿ.

ಒಣಗಿದ ಪ್ಲಮ್, ಪೀಚ್, ಗುಲಾಬಿ, ಮಲ್ಲಿಗೆ, ಕೆಳಗೆ ಗಂಧ, ಪಚೋಲಿ, ಓಕ್‌ಮಾಸ್. ಓಕ್‌ಮಾಸ್ ಅಂದರೆ ಓಕ್ ಮರದ ಮೇಲೆ ಬೆಳೆಯುವ ಕಲ್ಲುಹೂವು ಅಂತಲೇ ಇಟ್ಟುಕೊಳ್ಳಿ. ಜಾತಿ ಬೇರೆ, ಬಳಗ ಒಂದೇ. ಮಸಾಲೆಗೆ ಹಾಕುವ ಕಲ್ಲುಹೂವನ್ನು ಬಾಣಲೆಯಲ್ಲಿ ಸ್ವಲ್ಪ ಬೆಚ್ಚಗೆ ಮಾಡಿ ಮೂಸಿದರೆ ಮಳೆಗಾಲದ ಮರದ ತೊಗಟೆ, ಸ್ವಲ್ಪ ಮುಗ್ಗಲು, ಸ್ವಲ್ಪ ಒಗರು. ಸಿಹಿ ಹಣ್ಣಿನ ಕೆಳಗೆ ಆ ಒಗರು ಇಟ್ಟಿದ್ದಕ್ಕೇ ಫಾಮ್ ಪಾಯಸ ಆಗದೆ ಉಳಿಯಿತು. ಆ ಕಾಲದಲ್ಲಿ ಸೆಂಟಿನವರು ಗಂಧದೆಣ್ಣೆ ಅಂದರೆ ನೋಡುತ್ತಿದ್ದುದು ಮೈಸೂರಿನ ಕಡೆಗೇ. ನಮ್ಮ ಸಂಸ್ಥಾನ 1916ರ ಹೊತ್ತಿಗೆ, ಮೊದಲ ಮಹಾಯುದ್ಧದಿಂದ ಕೊರಡು ಸಾಗಿಸಲು ಆಗದೆ, ತಾನೇ ಎಣ್ಣೆ ತೆಗೆಯಲು ಇಳಿದಿತ್ತು.

ನಾನು ದುಡ್ಡು ಕಳೆದದ್ದು ಇಲ್ಲೇ. ಮೂಸದೆ, ಬರೀ ಹೆಸರು ಓದಿ, ಪೂರ್ತಿ ಬಾಟಲಿ ತರಿಸಿದೆ. ಮುಚ್ಚಳ ತೆಗೆದರೆ ಜೀರಿಗೆ! ಜೋರಾಗಿ ಜೀರಿಗೆ, ಅದರ ಹಿಂದೆ ಬೆವರು. ಒಳಗಿಂದ ಅಮ್ಮ "ಯಾರ ಮನೆ ಒಗ್ಗರಣೆ ಸೀಯುತ್ತಿದೆ" ಅಂತ ಕೂಗಿದರು. ಆಮೇಲೆ ತಿಳಿಯಿತು, 1989ರಲ್ಲಿ ಒಲಿವಿಯೆ ಕ್ರೆಸ್ಪ್ ಅನ್ನುವವರು ಇದನ್ನು ಮತ್ತೆ ಕಟ್ಟಿದಾಗ ಜೀರಿಗೆ ಎದ್ದು ಕಾಣುವ ಹಾಗೆ ಬಂತು. ಕೆಟ್ಟದ್ದು ಅಂತಲ್ಲ, ಕೆಲವರಿಗೆ ಅದೇ ಇಷ್ಟ. ಆದರೆ ನಾನು ಹುಡುಕುತ್ತಿದ್ದ 1944 ಅದಲ್ಲ.

ಇದರಿಂದ ಒಂದು ನಿಯಮ ಮಾಡಿಕೊಂಡೆ. ಯಾವ ಹಳೇ ಸೆಂಟಿಗೂ ಎರಡು ಪ್ರಶ್ನೆ: ಮೊದಲು ಯಾವಾಗ ಬಂತು, ಈ ಬಾಟಲಿಯಲ್ಲಿರುವುದನ್ನು ಕಟ್ಟಿದ್ದು ಯಾವಾಗ. ಒಂದೇ ಹೆಸರಿನಡಿ ಒಳಗಿನ ಸಾಮಾನು ಬದಲಾಗುತ್ತಲೇ ಇರುತ್ತದೆ. ಓಕ್‌ಮಾಸ್ ಕೆಲವರ ಚರ್ಮಕ್ಕೆ ಆಗುವುದಿಲ್ಲ ಅಂತ ಅದಕ್ಕೆ ಮಿತಿ ಹಾಕಿದರು. ಹಾಗಾಗಿ ಹಳೇ ರುಚಿ ಬೇಕು ಅನ್ನುವವರು ಹಳೇ ಬಾಟಲಿಗಳ ಹಿಂದೆ ಬೀಳುತ್ತಾರೆ. ಅದರಲ್ಲಿ ನಕಲಿ ಜಾಸ್ತಿ, ಬಿಸಿಲಿಗೆ ಕೆಟ್ಟದ್ದೂ ಜಾಸ್ತಿ. ಮೊದಲ ಉಸಿರಿಗೆ ಉಗುರುಬಣ್ಣದ ವಾಸನೆ ಹೊಡೆದರೆ ಮೇಲಿನ ಪದರ ಹೋಗಿದೆ ಅಂತ ಅರ್ಥ. ಕಾಲು ಗಂಟೆ ಬಿಟ್ಟು ಮೂಸಿ, ಕೆಳಗಿನದ್ದು ಒಮ್ಮೊಮ್ಮೆ ಚೆನ್ನಾಗೇ ಇರುತ್ತದೆ.

ನಡುಮನೆ: ಡಿಯೋರಿಸ್ಸಿಮೊ, 1956

ಇಲ್ಲಿ ಆತುರ ಬೇಡ. ನಾನು ಇದಕ್ಕೆ ಎರಡು ವಾರ ಕೊಟ್ಟೆ.

ಯುದ್ಧ ಮುಗಿದ ಮೇಲೆ, 1946ರಲ್ಲಿ, ರುಡ್ನಿಟ್ಸ್ಕಾ ಅವರು ಹೆಂಡತಿ ತೆರೆಸ್ ಜೊತೆ ‘ಆರ್ ಎ ಪರ್ಫಂ’ ಅನ್ನುವ ಸ್ವಂತ ಸಂಸ್ಥೆ ಶುರು ಮಾಡಿದರು. ಕಲೆ ಮತ್ತು ಸುಗಂಧ ಅಂತ ಅರ್ಥ. ಆಮೇಲೆ ಗ್ರಾಸ್ ಮೇಲಿನ ಗುಡ್ಡದಲ್ಲಿರುವ ಕಾಬ್ರಿ ಅನ್ನುವ ಹಳ್ಳಿಯಲ್ಲಿ ಮನೆ, ತೋಟ, ಲ್ಯಾಬ್ ಎಲ್ಲ ಒಂದೇ ಕಡೆ ಮಾಡಿಕೊಂಡರು. ಊರಾಚೆ ಇದ್ದುದರಿಂದ ಕಂಪನಿಯವರು ದಿನಾ ಬಾಗಿಲು ತಟ್ಟುವ ಹಾಗಿರಲಿಲ್ಲ. ಇದು ಮುಖ್ಯ. ವರ್ಷಕ್ಕೆ ಹತ್ತು ಸೆಂಟು ಕೊಡಿ ಅಂದರೆ ಯಾರಿಗೂ ತೆಗೆಯಲು ಪುರುಸೊತ್ತು ಇರುವುದಿಲ್ಲ, ಹಾಕುವುದಕ್ಕಷ್ಟೇ ಸಮಯ. ಅವರು ಇಡೀ ಜೀವಮಾನದಲ್ಲಿ ಹೊರಗೆ ಬಿಟ್ಟ ಸೆಂಟುಗಳೇ ಕಡಿಮೆ.

ಆ ತೋಟದಲ್ಲಿ ಅವರು ಲಿಲಿ ಆಫ್ ದ ವ್ಯಾಲಿ ನೆಟ್ಟರು. ಫ್ರೆಂಚರು ಮ್ಯೂಗೆ ಅನ್ನುತ್ತಾರೆ. ಪುಟ್ಟ ಬಿಳೀ ಗಂಟೆಗಳು, ನೆಲಕ್ಕೆ ಹತ್ತಿರ. ಮೇ 1ರಂದು ಒಬ್ಬರಿಗೊಬ್ಬರು ಒಂದು ಕಡ್ಡಿ ಕೊಡುವ ರೂಢಿ ಅಲ್ಲಿದೆ. ಕ್ರಿಸ್ಟಿಯನ್ ಡಿಯೋರ್ ಅವರಿಗೆ ಅದು ಅದೃಷ್ಟದ ಹೂವು. ಆದರೆ ಸೆಂಟಿನವರ ಪಾಲಿಗೆ ಅದು ಮೂಕ ಹೂವು. ಎಷ್ಟು ಹಿಂಡಿದರೂ, ನೆನೆಸಿದರೂ, ಬೇಯಿಸಿದರೂ ಬಳಸುವಂಥ ಎಣ್ಣೆ ಕೊಡುವುದಿಲ್ಲ. ಬೇರೆ ಬೇರೆ ವಸ್ತು ಸೇರಿಸಿ ಅದರ ಭ್ರಮೆ ಕಟ್ಟಬೇಕು. ಹೂವಿನ ಮುಂದೆ ಬಗ್ಗಿ ಮೂಸಿ, ಲ್ಯಾಬಿಗೆ ಹೋಗಿ ಬೆರೆಸಿ, ಮತ್ತೆ ತೋಟಕ್ಕೆ ಬಂದು ಹೋಲಿಸಿ. ಹೂವು ವರ್ಷಕ್ಕೆ ಕೆಲವೇ ವಾರ ಇರುವಂಥದ್ದು.

ನೀವು ಮ್ಯೂಗೆ ನೋಡಿಲ್ಲ, ನಾನೂ ಗಿಡದ ಮೇಲೆ ನೋಡಿಲ್ಲ. ಹಾಗಾದರೆ ಡಿಯೋರಿಸ್ಸಿಮೊ ಸರಿಯಾಗಿದೆ ಅಂತ ಹೇಗೆ ಹೇಳುವುದು? ಇದಕ್ಕೆ ನಾನು ಹಿಡಿದ ದಾರಿ ಹೀಗಿದೆ. ಬಚ್ಚಲುಮನೆಯ ಸೋಪು, ಪೌಡರು, ಶಾಂಪೂ ಲೇಬಲ್ ಓದಿ. ಕೊನೆಯ ಸಾಲುಗಳಲ್ಲಿ ಲಿನಲೂಲ್, ಲಿಮೊನಿನ್ ಅಂತೆಲ್ಲ ಇರುತ್ತದೆ. ಅದರಲ್ಲಿ ಹೈಡ್ರಾಕ್ಸಿಸಿಟ್ರೊನೆಲ್ಲಾಲ್ ಅಂತ ಇರುವುದನ್ನು ಹುಡುಕಿ. ಮ್ಯೂಗೆ ಭ್ರಮೆಗೆ ಬಹಳ ಕಾಲದಿಂದ ಅದೇ ಬೆನ್ನೆಲುಬು. ತಂಪು, ಒದ್ದೆ, ಸ್ವಲ್ಪ ಸಿಹಿ, ‘ಒಳ್ಳೇ ಸೋಪು’ ಅಂತ ನಾವು ಅನ್ನುವ ಆ ವಾಸನೆ. ಸೋಪು ಮೂಸಿದಿರಾ? ಈಗ ಡಿಯೋರಿಸ್ಸಿಮೊ ಮೂಸಿ.

ಮೊದಲು ಸೋಪೇ ಅನ್ನಿಸುತ್ತದೆ. ಬಿಡಬೇಡಿ. ಸ್ವಲ್ಪ ಹೊತ್ತಿಗೆ ಎಲೆ ಬರುತ್ತದೆ, ಮುರಿದ ದಂಟಿನ ಹಸಿ ವಾಸನೆ. ಅದರ ಕೆಳಗೆ ಮಣ್ಣು. ಇನ್ನೂ ಸ್ವಲ್ಪ ಹೊತ್ತಿಗೆ, ನಿಮ್ಮ ಮಲ್ಲಿಗೆ ತಟ್ಟೆಯ ಬೆಳಗಿನ ಭಾರ. ಅದೇ ಇಂಡೋಲ್, ತೀರಾ ಸಣ್ಣದಾಗಿ. ಸೋಪಿನಲ್ಲಿ ಅದು ಇರುವುದಿಲ್ಲ, ಇದ್ದರೆ ಯಾರೂ ಸೋಪು ಕೊಳ್ಳುವುದಿಲ್ಲ. ಡಿಯೋರಿಸ್ಸಿಮೊದ ಹೂವಿಗೆ ಬೇರು ಇದೆ, ಬಾಡುವ ಗುಣ ಇದೆ. ಸೋಪಿನ ಹೂವಿಗೆ ಬರೀ ದಳ.

ಈಗ ಪಕ್ಕದಲ್ಲಿ ಫಾಮ್ ಪಟ್ಟಿ ಇಟ್ಟು ಎರಡನ್ನೂ ಸರದಿಯಲ್ಲಿ ಮೂಸಿ. ನಾನು ಮೊದಲು ಹೇಳಿದ ಮದುವೆ ಊಟ, ಮೊಸರನ್ನ ಇವೇ. ಒಂದರಲ್ಲಿ ಹಣ್ಣು, ಹೂವು, ಮರ, ಮಸಾಲೆ ಎಲ್ಲ ಒಟ್ಟಿಗೆ ಮಾತಾಡುತ್ತಿವೆ. ಇನ್ನೊಂದರಲ್ಲಿ ಒಂದೇ ದನಿ, ಅದರ ಸುತ್ತ ಗಾಳಿ. ಎರಡಕ್ಕೂ ಮೂಗು ಒಂದೇ ಮನುಷ್ಯನದ್ದು, ನಡುವೆ ಹದಿಮೂರು ವರ್ಷ.

ಇವತ್ತಿನ ಡಿಯೋರಿಸ್ಸಿಮೊ 1956ರದ್ದೇ ಅಲ್ಲ. ಹೈಡ್ರಾಕ್ಸಿಸಿಟ್ರೊನೆಲ್ಲಾಲ್‌ಗೆ ಈಗ ಮಿತಿ ಇದೆ. ಮ್ಯೂಗೆ ವಾಸನೆಗೆ ಎಲ್ಲರೂ ಬಳಸುತ್ತಿದ್ದ ಲಿಲಿಯಲ್ ಅನ್ನುವ ಇನ್ನೊಂದು ವಸ್ತುವನ್ನು ಯುರೋಪಿನಲ್ಲಿ 2022ರ ಮಾರ್ಚ್‌ನಿಂದ ನಿಷೇಧಿಸಿದರು. ಆದರೂ ಅಸ್ಥಿಪಂಜರ ಕಾಣುತ್ತದೆ, ಕಲಿಯಲು ಅಷ್ಟು ಸಾಕು.

ಎರ್ಮೆಸ್ ಕಂಪನಿಗೆ ಅವರು ಕಟ್ಟಿಕೊಟ್ಟ ಓ ದೆರ್ಮೆಸ್, 1951, ಸಿಕ್ಕಿದರೆ ಮಧ್ಯೆ ಒಮ್ಮೆ ಮೂಸಿ ನೋಡಿ. ಜೀರಿಗೆ, ಏಲಕ್ಕಿ, ಚರ್ಮದ ಚೀಲ. ನಮ್ಮ ಮೂಗಿಗೆ ಅದು ಫ್ರಾನ್ಸ್ ಅನ್ನಿಸುವುದೇ ಇಲ್ಲ, ಮಡಿಕೇರಿ ಸಂತೆಯಲ್ಲಿ ಹೊಸ ಚಪ್ಪಲಿ ಕೊಂಡ ಹಾಗಿರುತ್ತದೆ.

ಕರಬೂಜದ ಎರಡು ಸೆಂಟು

ಕರಬೂಜ ಕತ್ತರಿಸಿ ಒಂದು ಹೋಳನ್ನು ಅರ್ಧ ದಿನ ಹೊರಗಿಡಿ. ಮೊದಲು ತಂಪು ನೀರು, ಆಮೇಲೆ ಜೇನು, ಕೊನೆಗೆ ಸ್ವಲ್ಪ ಹಳಸಲು. 1972ರ ಡಿಯೋರೆಲ್ಲಾದಲ್ಲಿ ನಿಂಬೆ, ಕಾಮಕಸ್ತೂರಿಯ ನೆಂಟ ಎಲೆ, ಮಲ್ಲಿಗೆ, ಅದರ ಹಿಂದೆ ಈ ಜಾಸ್ತಿ ಹಣ್ಣಾದ ಕರಬೂಜ. ಓ ಸೊವಾಜ್‌ನ ತಂಗಿ ಅಂತ ಸುಲಭವಾಗಿ ಗೊತ್ತಾಗುತ್ತದೆ. ನನಗೆ ಅವರ ಎಲ್ಲ ಕೆಲಸದಲ್ಲಿ ಇದೇ ಇಷ್ಟ. ಹಣ್ಣು ಕೆಡುವ ಒಂದು ಗಂಟೆ ಮುಂಚೆ ನಿಲ್ಲಿಸಿಬಿಟ್ಟಿದ್ದಾರೆ.

ಇನ್ನೊಂದು ತೆರೆಸ್ ಅವರದ್ದು. 1950ರ ದಶಕದಲ್ಲಿ ಹೆಂಡತಿಗೆ ಅಂತ ಕಟ್ಟಿದ ಸೆಂಟು: ಕರಬೂಜ, ಪ್ಲಮ್, ಮಲ್ಲಿಗೆ, ಕೆಳಗೆ ಚರ್ಮ. ಯಾವ ಕಂಪನಿಗೂ ಕೊಡಲಿಲ್ಲ. ರುಡ್ನಿಟ್ಸ್ಕಾ ಬದುಕಿರುವವರೆಗೂ ಅದನ್ನು ಹಾಕಿಕೊಂಡವರು ತೆರೆಸ್ ಒಬ್ಬರೇ. ಗಂಡ ತೀರಿಕೊಂಡ ಮೇಲೆ, ತೆರೆಸ್ ಅವರ ಒಪ್ಪಿಗೆಯಿಂದ, ಫ್ರೆಡೆರಿಕ್ ಮಾಲ್ ಅನ್ನುವ ಸೆಂಟು ಪ್ರಕಾಶಕರು 2000ದಲ್ಲಿ ‘ಲ ಪರ್ಫಂ ದ ತೆರೆಸ್’ ಅಂತ ಹೊರತಂದರು. ಬೆಲೆ ಕೇಳಬೇಡಿ, ಸ್ಯಾಂಪಲ್ ಮಾತ್ರ ತರಿಸಿ. ಇದನ್ನು ಫಾಮ್ ಮತ್ತು ಡಿಯೋರೆಲ್ಲಾ ನಡುವೆ ಇಟ್ಟು ಮೂಸಿ. ಆಚೆಯ ಪ್ಲಮ್ ಇದೆ, ಈಚೆಯ ಕರಬೂಜ ಇದೆ. ಮಾರಾಟಕ್ಕೆ ಬಂದವುಗಳಲ್ಲಿ ಕಾಣದ ಸೇತುವೆ ಇಷ್ಟು ವರ್ಷ ಒಬ್ಬರ ಕುತ್ತಿಗೆಯ ಮೇಲೆ ಮಾತ್ರ ಇತ್ತು.

ಆಮೇಲೆ ಬಂದವರು

ಅವರ ಪ್ರಭಾವ ಹುಡುಕಬೇಕಾದರೆ ಜಾನ್-ಕ್ಲೋದ್ ಎಲೆನಾ ಅವರ ಸೆಂಟು ಮೂಸಿ. ಗ್ರಾಸ್‌ನವರೇ, 1947ರಲ್ಲಿ ಹುಟ್ಟಿದವರು. ರುಡ್ನಿಟ್ಸ್ಕಾ ಅವರನ್ನು ಗುರುವಿನ ಜಾಗದಲ್ಲಿ ಇಟ್ಟುಕೊಂಡವರು. 1951ರಲ್ಲಿ ರುಡ್ನಿಟ್ಸ್ಕಾ ಸೆಂಟು ಕಟ್ಟಿಕೊಟ್ಟ ಅದೇ ಎರ್ಮೆಸ್ ಮನೆಗೆ ಎಲೆನಾ 2004ರಲ್ಲಿ ಸೇರಿದರು. ತೆಗೆಯುವ ಆ ಬುದ್ಧಿಯನ್ನು ಇನ್ನೂ ಮುಂದಕ್ಕೆ ಒಯ್ದರು.

2005ರ ನೈಲ್ ತೋಟದ ಸೆಂಟಿನಿಂದ ಶುರು ಮಾಡಿ. ಈಜಿಪ್ಟಿನ ಅಸ್ವಾನ್‌ನಲ್ಲಿ ಮಾವಿನಕಾಯಿ ಕಂಡು ಅದನ್ನೇ ಹಿಡಿದರು, ಮಾವಿನಿಂದ ತೆಗೆದ ಎಣ್ಣೆ ಇಲ್ಲದೆ. ಮ್ಯೂಗೆ ಲೆಕ್ಕವೇ ಇಲ್ಲೂ. ಮ್ಯೂಗೆಯಲ್ಲಿ ನಾವು ಕುರುಡರು, ಆದರೆ ಮಾವಿನಕಾಯಿಯಲ್ಲಿ ನಮಗೆ ಯಾರೂ ಪಾಠ ಹೇಳುವ ಹಾಗಿಲ್ಲ, ಅಲ್ವಾ? ಏಪ್ರಿಲ್‌ನಲ್ಲಿ ತೋತಾಪುರಿ ತೊಟ್ಟು ಮುರಿದು, ಸೊನೆ ಬಂದಾಗ ಮೂಸಿ, ಪಕ್ಕದಲ್ಲಿ ಪಟ್ಟಿ ಹಿಡಿಯಿರಿ. ಸೊನೆಯ ಘಾಟನ್ನು ಬಿಟ್ಟಿದ್ದಾರೆ ಅಂತ ನನ್ನ ತಕರಾರು. 2008ರಲ್ಲಿ ಕೇರಳದ ಮಳೆ ನೋಡಿ ಇನ್ನೊಂದು ಕಟ್ಟಿದರು. ಕರಾವಳಿಯವರು, ಮಲೆನಾಡಿನವರು ಅದನ್ನು ಮೂಸಿ ಜಗಳ ಮಾಡಬಹುದು. ನನಗೆ ಅದರಲ್ಲಿ ಮಳೆ ನಿಂತ ಮೇಲಿನ ಶುಂಠಿ ಗದ್ದೆ ಸಿಕ್ಕಿತು, ಮಳೆ ಸಿಗಲಿಲ್ಲ.

ಇನ್ನೊಂದು ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಸೆಂಟು ಕಟ್ಟುವುದು ಚಿತ್ರ, ಸಂಗೀತದ ಹಾಗೆ ಕಲೆ ಅಂತ ರುಡ್ನಿಟ್ಸ್ಕಾ ಅವರು ಕೊನೆಯವರೆಗೂ ವಾದ ಮಾಡಿದರು, 1977ರಲ್ಲಿ ಅದರ ಮೇಲೆ ದೊಡ್ಡ ಪುಸ್ತಕವನ್ನೇ ಬರೆದರು. ಫ್ರಾನ್ಸಿನ ಅತ್ಯುನ್ನತ ಕೋರ್ಟು 2006ರಲ್ಲಿ ಒಪ್ಪಲಿಲ್ಲ. ಸೆಂಟಿನ ಪರಿಮಳಕ್ಕೆ ಕಾಪಿರೈಟ್ ಇಲ್ಲ, ಅದು ಕಸುಬುದಾರಿಕೆ ಅಷ್ಟೇ ಅಂತ ತೀರ್ಪು ಬಂತು. ಹಳೇ ಸೆಂಟು ಹೇಗಿತ್ತೋ ಹಾಗೆ ಉಳಿಸುವ ಕೆಲಸವನ್ನು ಮಾತ್ರ ಬೇರೆಯವರು ಅದಕ್ಕೂ ಮೊದಲೇ ಹಿಡಿದಿದ್ದರು. 1990ರಲ್ಲಿ ವರ್ಸೈನಲ್ಲಿ ಶುರುವಾದ ಓಸ್ಮೊತೆಕ್ ಅನ್ನುವ ಸುಗಂಧ ಭಂಡಾರದಲ್ಲಿ ಹಳೇ ಸೂತ್ರದಂತೆ ಮತ್ತೆ ಬೆರೆಸಿ, ತಂಪಾದ ಕತ್ತಲಲ್ಲಿ ಇಡುತ್ತಾರೆ. ಪ್ಯಾರಿಸ್ ಕಡೆ ಹೋಗುವವರು, ಅಲ್ಲೇ ಇರುವ ಕನ್ನಡದವರು, ಐಫೆಲ್ ಗೋಪುರಕ್ಕೆ ಒಂದು ಗಂಟೆ ಕಡಿಮೆ ಮಾಡಿ ಅಲ್ಲಿಯ ಕಾರ್ಯಕ್ರಮಕ್ಕೆ ಹೆಸರು ಬರೆಸಿ. ದಕ್ಷಿಣಕ್ಕೆ ಹೋದರೆ ಗ್ರಾಸ್‌ನ ಸುಗಂಧ ಮ್ಯೂಸಿಯಂ, ಪಕ್ಕದ ಮುವಾನ್-ಸಾರ್ತುವಿನಲ್ಲಿ ಅದರ ತೋಟ. ಗುಲಾಬಿಗೆ ಮೇ, ಜಾಜಿಗೆ ಆಗಸ್ಟ್ ಆದಮೇಲೆ.

ಉಳಿದ ಸ್ಯಾಂಪಲ್‌ಗಳನ್ನು ಬಿಸಿಲು ಬೀಳದ ಕಡೆ, ಮುಚ್ಚಳ ಬಿಗಿಮಾಡಿ, ಒಂದು ಸ್ಟೀಲ್ ಡಬ್ಬಿಯಲ್ಲಿಡಿ. ಬಚ್ಚಲುಮನೆ ಬೇಡ, ಬಿಸಿ ಮತ್ತು ಹಬೆ. ಬೀರುವಿನಲ್ಲಿ ರೇಷ್ಮೆ ಸೀರೆಗಳ ಪಕ್ಕವೂ ಬೇಡ. ನಾನು ಅಲ್ಲೇ ಇಟ್ಟಿದ್ದೆ. ಡಿಯೋರಿಸ್ಸಿಮೊ ಸೀಸೆಯ ಮುಚ್ಚಳ ನುಸಿಗುಳಿಗೆ ವಾಸನೆ ಕುಡಿದು ಕೂತಿತ್ತು, ಅದು ಗೊತ್ತಾಗದೆ ಇಂಡೋಲ್ ಎಷ್ಟು ಧೈರ್ಯವಾಗಿ ಹಾಕಿದ್ದಾರೆ ಅಂತ ನಾನು ನೋಟ್‌ಬುಕ್ಕಿನಲ್ಲಿ ಎರಡು ಪುಟ ಬರೆದಿದ್ದೆ.